ಮಿದುಳಿನಲ್ಲಿ ಮಿನುಗುವ ಸಾಕ್ಷಿ

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲ್ಲೂಕುಗಳು ಘಟಪ್ರಭೆಯ ನೀರನ್ನು ನೆಚ್ಚಿ ಬದುಕುವ ಸೀಮೆ. ಕಬ್ಬಿನ ತೋಟಗಳ ನಡುವೆಯೇ ಮನೆ ಕಟ್ಟಿಕೊಂಡು ಒಕ್ಕಲುತನ ಮಾಡುವವರು ಇಲ್ಲಿ ಬಹಳ. ಅಂಥ ಮನೆಗಳ ಮುಂದೆ ಒಂದೆರಡು ಎಮ್ಮೆ, ಒಂದು ಜೊತೆ ಎತ್ತು, ಕಾವಲಿಗೊಂದು ನಾಯಿ ಇರುವುದು ವಾಡಿಕೆ. ಕುರಿಗಾರರ ಹಿಂಡಂತೂ ನಾಯಿಯಿಲ್ಲದೆ ನಡೆಯದು. ಹೆಸರಾಂತ ಬೇಟೆನಾಯಿಗಳ ತವರಾದ ಮುಧೋಳವೂ ಮೂಡಲಗಿಯ ನೆರೆಯಲ್ಲಿಯೇ ಇದೆ. ಹೀಗೆ ನಾಯಿಯೂ ದನವೂ ಮನುಷ್ಯನೂ ಒಂದೇ ಅಂಗಳದಲ್ಲಿ ಬಾಳುವಲ್ಲಿ, ಒಬ್ಬರಿಗೆ ಬಂದ ರೋಗವು ಇನ್ನೊಬ್ಬರ ಬಾಗಿಲನ್ನೂ ತಟ್ಟಬಹುದು. ಅಂಥ ರೋಗಗಳಲ್ಲೆಲ್ಲ ಅತಿ ಭಯಂಕರವಾದುದು ಹುಚ್ಚುನಾಯಿ ರೋಗ, ಎಂದರೆ ರೇಬಿಸ್.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ತೋಟದ ಮನೆಯೊಂದರಲ್ಲಿ ಎಮ್ಮೆಯು ಮೇವು ಬಿಟ್ಟಿದೆ, ಜೊಲ್ಲು ಸುರಿಸುತ್ತಿದೆ, ಗಂಟಲು ಕಟ್ಟಿದಂತೆ ವಿಕಾರವಾಗಿ ಒದರುತ್ತಿದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿರಬೇಕೆಂದು ಮನೆಯ ಯಜಮಾನನು ಅದರ ಬಾಯೊಳಗೆ ಕೈಹಾಕಿ ನೋಡುತ್ತಾನೆ. ನಾಲ್ಕಾರು ದಿನಗಳಲ್ಲಿ ಎಮ್ಮೆ ಸಾಯುತ್ತದೆ. ತಿಂಗಳ ಹಿಂದೆ ಅಪರಿಚಿತ ನಾಯಿಯೊಂದು ಗೋದಲಿಯ ಬಳಿ ನುಗ್ಗಿದ್ದುದು ಆಗ ಯಾರಿಗೋ ನೆನಪಾಗುತ್ತದೆ. ಎಮ್ಮೆಗೆ ಬಂದದ್ದು ರೇಬಿಸ್ ಆಗಿದ್ದಿತೆ? ಯಜಮಾನನ ಕೈಯಲ್ಲಿ ಗೀರುಗಾಯವಿದ್ದಿತಲ್ಲ, ಅವನ ಗತಿಯೇನು?

ಈ ಪ್ರಶ್ನೆಗೆ ಖಚಿತವಾದ ಉತ್ತರ ಸತ್ತ ಪ್ರಾಣಿಯ ಮಿದುಳಿನಲ್ಲಿರುತ್ತದೆ. ಆದರೆ ರೇಬಿಸ್ ತಗುಲಿದ ಮಿದುಳಿಗೂ ಆರೋಗ್ಯವಾದ ಮಿದುಳಿಗೂ ಬರಿಗಣ್ಣಿಗೆ ಹೆಚ್ಚಿನ ಭೇದ ತೋರದು. ನರಕೋಶಗಳೊಳಗೆ ಅಡಗಿರುವ ಒಂದೇ ಒಂದು ಪ್ರೋಟೀನನ್ನು ಹುಡುಕಿ ತೆಗೆದು ಕಣ್ಣಿಗೆ ಕಾಣುವಂತೆ ಮಾಡಬೇಕು. ಆ ಕೆಲಸಕ್ಕೆ ವಿಜ್ಞಾನಿಗಳು ಬಳಸುವ ಉಪಕರಣವೇ ಪ್ರತಿಕಾಯ. ಅದು ಹೇಗೆ ಕೆಲಸ ಮಾಡುತ್ತದೆ, ಅದು ಹೇಳುವ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸುವೆವು.

ರೋಗವು ಹಿಡಿಯುವ ದಾರಿ

ರೇಬಿಸ್ ರೋಗಕ್ಕೆ ಕಾರಣ ಒಂದು ವೈರಸ್. ಅದರ ಆಕಾರ ಬಂದೂಕಿನ ಗುಂಡಿನಂತೆ. ಉದ್ದ ಸುಮಾರು ೧೮೦ ನ್ಯಾನೊಮೀಟರು, ದಪ್ಪ ಸುಮಾರು ೭೫. ನ್ಯಾನೊಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಸಾಮಾನ್ಯ ಸೂಕ್ಷ್ಮದರ್ಶಕವು ಸುಮಾರು ೨೦೦ ನ್ಯಾನೊಮೀಟರಿಗಿಂತ ಚಿಕ್ಕ ವಿವರಗಳನ್ನು ಬಿಡಿಸಿ ತೋರಿಸಲಾರದಾದುದರಿಂದ, ಈ ವೈರಸ್ಸಿನ ರೂಪವನ್ನು ಅದರಿಂದ ನೋಡುವುದು ಸಾಧ್ಯವಿಲ್ಲ.

ಕಚ್ಚಿದ ಪ್ರಾಣಿಯ ಜೊಲ್ಲಿನೊಡನೆ ಒಳಹೊಕ್ಕ ವೈರಸ್ ರಕ್ತದ ಹಾದಿಯನ್ನು ಹಿಡಿಯುವುದಿಲ್ಲ. ಗಾಯದ ಸುತ್ತಣ ಸ್ನಾಯುಗಳಲ್ಲಿ ಕೆಲವು ಕಾಲ ನಿಂತು, ಅಲ್ಲಿಯ ನರದ ತುದಿಯನ್ನು ಸೇರಿ, ನರದೊಳಗಿನಿಂದಲೇ ಮಿದುಳಿನತ್ತ ಏರುತ್ತದೆ. ಇದರ ವೇಗ ದಿನಕ್ಕೆ ೫೦ರಿಂದ ೧೦೦ ಮಿಲಿಮೀಟರು ಇರಬಹುದೆಂದು ಅಂದಾಜು. ಕಚ್ಚಿದ ದಿನಕ್ಕೂ ರೋಗ ಕಾಣಿಸಿಕೊಳ್ಳುವ ದಿನಕ್ಕೂ ನಡುವೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳ ಅವಧಿ ಇರುವುದು ಈ ಕಾರಣದಿಂದಲೇ. ಮನುಷ್ಯನನ್ನು ಉಳಿಸಲು ನಮಗೆ ದೊರೆಯುವ ಸಮಯವೂ ಇದೇ. ವೈರಸ್ ಮಿದುಳನ್ನು ಸೇರಿ ರೋಗಲಕ್ಷಣಗಳು ತೋರಿದ ಬಳಿಕ ಬದುಕುವವರು ಇಲ್ಲವೆಂದೇ ಹೇಳಬೇಕು. ಪ್ರಪಂಚದಲ್ಲಿ ಪ್ರತಿವರ್ಷ ಸುಮಾರು ೫೯,೦೦೦ ಜನ ಈ ರೋಗಕ್ಕೆ ಬಲಿಯಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಈ ವೈರಸ್ಸಿನ ಸಂಸಾರ ಬಹಳ ಚಿಕ್ಕದು. ಅದರಲ್ಲಿರುವುವು ಐದೇ ಪ್ರೋಟೀನುಗಳು. ಅವುಗಳಲ್ಲಿ ಎರಡನ್ನು ವಾಚಕರು ನೆನಪಿನಲ್ಲಿಡಬೇಕು. ಒಂದು, ಹೊರಮೈಯಲ್ಲಿ ಮುಳ್ಳಿನಂತೆ ನಿಂತಿರುವ ಜಿ-ಪ್ರೋಟೀನು. ಇನ್ನೊಂದು, ಒಳಗೆ ಆರ್.ಎನ್.ಎ. ಎಳೆಯನ್ನು ಉದ್ದಕ್ಕೂ ಹೊದಿಸಿಕೊಂಡಿರುವ ಎನ್-ಪ್ರೋಟೀನು. ಆ ಎಳೆಯಲ್ಲಿ ಸುಮಾರು ೧೨,೦೦೦ ಅಕ್ಷರಗಳಿವೆ. ಒಂದೊಂದು ಎನ್-ಪ್ರೋಟೀನು ಒಂಬತ್ತು ಅಕ್ಷರಗಳನ್ನು ಮುಚ್ಚುತ್ತದೆ. ಭಾಗಿಸಿ ನೋಡಿದರೆ ಒಂದೇ ವೈರಸ್ಸಿನಲ್ಲಿ ೧,೩೦೦ಕ್ಕೂ ಹೆಚ್ಚು ಎನ್-ಪ್ರೋಟೀನುಗಳು ಇರಬೇಕೆಂದಾಯಿತು. ಇದಲ್ಲದೆ, ಸೋಂಕು ತಗುಲಿದ ನರಕೋಶವು ಈ ಪ್ರೋಟೀನನ್ನು ರಾಶಿ ರಾಶಿಯಾಗಿ ತಯಾರಿಸಿ ತನ್ನೊಳಗೆ ಗುಡ್ಡೆಹಾಕುತ್ತದೆ. ಕಳ್ಳನೊಬ್ಬನು ಸಿಕ್ಕದೆ ಹೋದರೂ ಅವನು ಕದ್ದು ಒಟ್ಟಿದ ಮಾಲು ಸಿಕ್ಕುವಂತೆ, ಬಿಡಿ ವೈರಸ್ ಕಾಣದಿದ್ದರೂ ಎನ್-ಪ್ರೋಟೀನಿನ ಗುಡ್ಡೆಗಳನ್ನು ಕಾಣುವುದು ಸಾಧ್ಯ. ಆದುದರಿಂದಲೇ ಪರೀಕ್ಷಕರು ಇದನ್ನು ಹುಡುಕುತ್ತಾರೆ.

ನೆಗ್ರಿಯ ಕಾಯಗಳು

ಈ ಗುಡ್ಡೆಗಳನ್ನು ಮೊದಲು ಕಂಡವನು ಇಟಲಿಯ ಅಡೆಲ್ಕಿ ನೆಗ್ರಿ. ೧೯೦೩ರಲ್ಲಿ ಪಾವಿಯಾ ನಗರದಲ್ಲಿ, ನರವಿಜ್ಞಾನದ ಹಿರಿಯನಾದ ಗಾಲ್ಜಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ, ರೇಬಿಸಿನಿಂದ ಸತ್ತ ಪ್ರಾಣಿಗಳ ನರಕೋಶಗಳಲ್ಲಿ ದುಂಡಗಿನ ಕಾಯಗಳನ್ನು ಅವನು ಬಣ್ಣಹಾಕಿ ಗುರುತಿಸಿದನು. ಇವು ರೋಗವನ್ನು ತರುವ ಏಕಕೋಶ ಜೀವಿಗಳೆಂದು ಅವನು ಭಾವಿಸಿದನು. ಅದು ತಪ್ಪೆಂದು ಮುಂದೆ ತಿಳಿಯಿತು. ಆದರೆ ಅವನ ಗುರುತು ಮಾತ್ರ ಸರಿಯಾಗಿಯೇ ಇದ್ದಿತು. ‘ನೆಗ್ರಿ ಕಾಯ’ಗಳೆಂಬ ಹೆಸರಿನಿಂದ ಇವು ಹಲವು ದಶಕಗಳ ಕಾಲ ರೇಬಿಸಿನ ಮುದ್ರೆಯಾಗಿ ನಿಂತುವು.

ಈ ಪರೀಕ್ಷೆಗೆ ಒಂದು ದೊಡ್ಡ ಕೊರತೆಯಿದ್ದಿತು. ನೆಗ್ರಿ ಕಾಯ ಕಂಡರೆ ರೋಗವಿತ್ತೆಂದು ಹೇಳಬಹುದು. ಕಾಣದಿದ್ದರೆ ರೋಗವಿರಲಿಲ್ಲವೆಂದು ಹೇಳುವಂತಿಲ್ಲ. ರೇಬಿಸಿನಿಂದಲೇ ಸತ್ತ ಪ್ರಾಣಿಗಳಲ್ಲಿಯೂ ಎಷ್ಟೋ ಮಿದುಳುಗಳಲ್ಲಿ ಈ ಕಾಯಗಳು ಸಿಕ್ಕುವುದಿಲ್ಲ. ಗುಡ್ಡೆಯು ಸಾಕಷ್ಟು ದೊಡ್ಡದಾಗಿದ್ದರಷ್ಟೆ ಸಾಮಾನ್ಯ ಬಣ್ಣಕ್ಕೆ ಅದು ಕಾಣುವುದು. ಧೂಳಿನಂತೆ ಹರಡಿಕೊಂಡ ಪ್ರೋಟೀನು ಕಾಣದು. ಸಾಮಾನ್ಯ ಬಣ್ಣವು ಆಕಾರವನ್ನು ತೋರಿಸುವುದೇ ಹೊರತು, ಆ ಆಕಾರ ಯಾವ ಪದಾರ್ಥದ್ದೆಂಬುದನ್ನು ಹೇಳದು. ಪದಾರ್ಥವನ್ನೇ ಗುರುತಿಸಿ ಹಿಡಿಯುವ ಬಣ್ಣವೊಂದು ಬೇಕಾಗಿದ್ದಿತು.

ಮರದ ಹಣ್ಣು, ನಿಜದ ಹಣ್ಣು

ಗೋಕಾಕದ ಮರದ ಬೊಂಬೆಗಳನ್ನು ಬಲ್ಲವರಿಗೆ ಅಲ್ಲಿಯ ಮರದ ಹಣ್ಣುಗಳೂ ಗೊತ್ತು. ಹಗುರವಾದ ಮರದಲ್ಲಿ ಕಡೆದು ಬಣ್ಣ ಬಳಿದ ಮಾವು, ಬಾಳೆ, ಬದನೆಗಳು ತಟ್ಟೆಯಲ್ಲಿದ್ದರೆ ನಿಜದ ಹಣ್ಣು ಕಾಯಿಗಳೆಂದೇ ಕಣ್ಣು ಮೋಸಹೋಗುತ್ತದೆ. ಕೈಗೆ ತೆಗೆದುಕೊಂಡಾಗ ಮೋಸ ಬಯಲಾಗುತ್ತದೆ. ನೋಟವು ವಂಚಿಸಿದಲ್ಲಿ ಸ್ಪರ್ಶವು ನಿಜ ಹೇಳುತ್ತದೆ. ಪ್ರತಿಕಾಯದ ಪರೀಕ್ಷೆಯೂ ಹೀಗೆ ಸ್ಪರ್ಶದ ಪರೀಕ್ಷೆ.

ಪ್ರತಿಕಾಯವೂ ಒಂದು ಪ್ರೋಟೀನೇ. ಶರೀರಕ್ಕೆ ಹೊರಗಿನ ವಸ್ತುವೊಂದು ನುಗ್ಗಿದಾಗ, ಅದನ್ನು ಹಿಡಿದು ನಿಲ್ಲಿಸುವುದಕ್ಕಾಗಿ ರಕ್ತದ ಒಂದು ಜಾತಿಯ ಬಿಳಿಕಣಗಳು ಇದನ್ನು ತಯಾರಿಸುತ್ತವೆ. ಅದರ ಆಕಾರ ಕವೆಗೋಲಿನಂತೆ. ಅಡ್ಡಳತೆ ಸುಮಾರು ಹತ್ತು ನ್ಯಾನೊಮೀಟರು. ಕವೆಯ ಎರಡು ತುದಿಗಳಲ್ಲಿ ಎರಡು ಹಿಡಿಗಳಿರುತ್ತವೆ. ಆ ಹಿಡಿಯ ತಗ್ಗುದಿಣ್ಣೆಗಳೂ ವಿದ್ಯುದಂಶಗಳೂ ಒಂದು ನಿರ್ದಿಷ್ಟ ಪ್ರೋಟೀನಿನ ಮೈಮೇಲಿನ ಒಂದು ಸಣ್ಣ ಪ್ರದೇಶಕ್ಕೆ ಸರಿಯಾಗಿ ಹೊಂದಿಕೊಳ್ಳುವುವು. ಹೊಂದಿದರೆ ಅಂಟಿಕೊಳ್ಳುವುದು, ಹೊಂದದಿದ್ದರೆ ತೊಳೆದಾಗ ಜಾರಿಹೋಗುವುದು. ಮಿದುಳಿನ ತುಣುಕಿನಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳಿದ್ದರೂ ಎನ್-ಪ್ರೋಟೀನಿನ ಪ್ರತಿಕಾಯವು ತನ್ನದನ್ನೇ ಆರಿಸಿ ಹಿಡಿಯುತ್ತದೆ.

ಮೊದಮೊದಲು ಇಂಥ ಪ್ರತಿಕಾಯಗಳನ್ನು ಪಡೆಯಲು ಪ್ರಾಣಿಗಳಿಗೆ ವೈರಸ್ಸಿನ ಪದಾರ್ಥವನ್ನು ಚುಚ್ಚಿ, ಅವುಗಳ ರಕ್ತದ್ರವವನ್ನು ಬಳಸುತ್ತಿದ್ದರು. ಅದರಲ್ಲಿ ಹಲವು ಬಗೆಯ ಪ್ರತಿಕಾಯಗಳು ಬೆರೆತಿರುತ್ತಿದ್ದುವು. ಒಂದು ಪ್ರಾಣಿಯ ದ್ರವದಂತೆ ಇನ್ನೊಂದರದು ಇರುತ್ತಿರಲಿಲ್ಲ. ೧೯೭೫ರಲ್ಲಿ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು ಇದಕ್ಕೆ ಪರಿಹಾರ ಕಂಡುಹಿಡಿದರು. ಪ್ರತಿಕಾಯ ತಯಾರಿಸುವ ಒಂದು ಕೋಶವನ್ನು, ಸಾವಿಲ್ಲದೆ ಬೆಳೆಯುತ್ತಲೇ ಇರುವ ಅರ್ಬುದ ಕೋಶದೊಡನೆ ಕೂಡಿಸಿ, ಒಂದೇ ಬಗೆಯ ಪ್ರತಿಕಾಯವನ್ನು ಎಷ್ಟು ಬೇಕಾದರೂ ಪಡೆಯುವ ದಾರಿಯನ್ನು ತೋರಿಸಿದರು. ೧೯೮೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಕ್ಟರ್ ಮತ್ತು ಕೊಪ್ರೊವ್ಸ್ಕಿ ಎಂಬುವರು ೧೯೭೮ರಲ್ಲಿ ಇದೇ ವಿಧಾನದಿಂದ ರೇಬಿಸ್ ವೈರಸ್ಸಿಗೆ ಪ್ರತಿಕಾಯಗಳನ್ನು ತಯಾರಿಸಿದರು.

ಪ್ರತಿಕಾಯಕ್ಕೆ ದೀಪ ಕಟ್ಟಿದ ಬಗೆ

ಪ್ರತಿಕಾಯವು ತನ್ನ ಪ್ರೋಟೀನನ್ನು ಹಿಡಿದರೂ ಅದು ನಮ್ಮ ಕಣ್ಣಿಗೆ ಕಾಣದಷ್ಟೆ. ಆದುದರಿಂದ ಅದಕ್ಕೆ ಒಂದು ದೀಪವನ್ನು ಕಟ್ಟಬೇಕು. ಈ ಉಪಾಯವನ್ನು ೧೯೪೧ರಲ್ಲಿ ಮೊದಲು ಪ್ರಕಟಿಸಿದವರು ಅಮೆರಿಕದ ಆಲ್ಬರ್ಟ್ ಕೂನ್ಸ್ ಮತ್ತು ಅವರ ಸಂಗಡಿಗರು. ಅವರು ಮೊದಲು ಕಟ್ಟಿದ ದೀಪವು ನೀಲಿಯಾಗಿ ಬೆಳಗುತ್ತಿದ್ದಿತು. ಆದರೆ ಶರೀರದ ಅಂಗಾಂಶಗಳು ತಾವೇ ಮಸುಕಾದ ನೀಲಿ ಬೆಳಕನ್ನು ಸೂಸುವ ಸ್ವಭಾವದವು. ಬೆಳದಿಂಗಳಿನಲ್ಲಿ ಹಣತೆಯನ್ನು ಹುಡುಕಿದಂತಾಯಿತು. ಬಳಿಕ ಅವರು ಫ್ಲೂರೆಸೀನ್ ಎಂಬ ಬಣ್ಣವನ್ನು ಆರಿಸಿಕೊಂಡರು. ಇದರದು ಹಸಿರು ಬೆಳಕು.

ಇಲ್ಲಿ ಭೌತವಿಜ್ಞಾನದ ಒಂದು ತತ್ತ್ವವನ್ನು ಹೇಳಬೇಕು. ಫ್ಲೂರೆಸೀನ್ ಸ್ವಯಂಪ್ರಕಾಶವಲ್ಲ. ೪೯೦ ನ್ಯಾನೊಮೀಟರಿನ ಸುಮಾರಿನ ತರಂಗಾಂತರವುಳ್ಳ ನೀಲಿ ಬೆಳಕನ್ನು ಅದು ಹೀರಿಕೊಂಡು, ೫೨೦ ನ್ಯಾನೊಮೀಟರಿನ ಸುಮಾರಿನ ಹಸಿರು ಬೆಳಕನ್ನು ಹೊರಕ್ಕೆ ಬಿಡುತ್ತದೆ. ಇದನ್ನು ಪ್ರತಿದೀಪ್ತಿ ಎನ್ನುವರು. ತರಂಗಾಂತರ ಹೆಚ್ಚಿದಷ್ಟೂ ಬೆಳಕಿನ ಕಣದ ಶಕ್ತಿ ಕಡಿಮೆ. ನೀಲಿ ಕಣದ ಶಕ್ತಿ ೨.೫೩ ಎಲೆಕ್ಟ್ರಾನ್‌ವೋಲ್ಟ್, ಹೊರಬಂದ ಹಸಿರು ಕಣದ್ದು ೨.೩೮. ಉಳಿದ ೦.೧೫ ಎಲ್ಲಿ ಹೋಯಿತು?

ಗೋಕಾಕ ಜಲಪಾತವನ್ನು ನೋಡಿದವರಿಗೆ ಉತ್ತರ ಸುಲಭ. ಘಟಪ್ರಭೆಯು ಅಲ್ಲಿ ಸುಮಾರು ೫೨ ಮೀಟರು ಎತ್ತರದಿಂದ ಧುಮುಕುವ ಮುನ್ನ ಬಂಡೆಗಳ ಮೇಲೆ ಹರಿದು ಸ್ವಲ್ಪ ಎತ್ತರವನ್ನು ಕಳೆದುಕೊಳ್ಳುತ್ತದೆ. ಆ ಎತ್ತರದ ಶಕ್ತಿಯು ಬಂಡೆಗಳ ತಿಕ್ಕಾಟದಲ್ಲಿ ವ್ಯಯವಾಗುತ್ತದೆ. ಉಳಿದುದು ದೊಡ್ಡ ಧುಮುಕಿನಲ್ಲಿ ಕಾಣುತ್ತದೆ. ಅದರಂತೆಯೇ ನೀಲಿ ಬೆಳಕಿನಿಂದ ಮೇಲೇರಿದ ಫ್ಲೂರೆಸೀನಿನ ಅಣುವು ತುಸು ಶಕ್ತಿಯನ್ನು ಕಂಪನದಲ್ಲಿ ಕಳೆದು, ಸುತ್ತಲಿನ ದ್ರವಕ್ಕೆ ಶಾಖವಾಗಿ ಕೊಟ್ಟು, ಬಳಿಕ ಒಮ್ಮೆಗೆ ಕೆಳಗಿಳಿಯುವಾಗ ಹಸಿರು ಬೆಳಕನ್ನು ಬಿಡುತ್ತದೆ. ಈ ಅಲ್ಪ ನಷ್ಟವೇ ನಮಗೆ ಮಹದುಪಕಾರವಾಗಿದೆ. ಬಿದ್ದ ಬೆಳಕಿಗೂ ಬಂದ ಬೆಳಕಿಗೂ ಬಣ್ಣ ಬೇರೆಯಾದುದರಿಂದ, ನೀಲಿಯನ್ನು ತಡೆದು ಹಸಿರನ್ನು ಮಾತ್ರ ಬಿಡುವ ಸೋಸುಗಾಜನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಸಾಕು. ಉಳಿದುದೆಲ್ಲ ಕತ್ತಲು, ಪ್ರತಿಕಾಯ ಅಂಟಿಕೊಂಡ ಸ್ಥಳ ಮಾತ್ರ ಹಸಿರು. ವೈರಸ್ಸಿನ ರೂಪ ಕಾಣದಿದ್ದರೂ ಅದಿರುವ ತಾಣ ಕಾಣುತ್ತದೆ. ಅಮಾವಾಸ್ಯೆಯ ರಾತ್ರಿ ದೂರದ ತೋಟದ ಮನೆ ಕಾಣದಿದ್ದರೂ ಅದರ ದೀಪ ಕಾಣುವುದಿಲ್ಲವೆ, ಹಾಗೆ.

ಈ ವಿಧಾನವನ್ನು ರೇಬಿಸಿಗೆ ೧೯೫೮ರಲ್ಲಿ ಅನ್ವಯಿಸಿದವರು ಗೋಲ್ಡ್‌ವಾಸರ್ ಮತ್ತು ಕಿಸ್ಲಿಂಗ್. ಅಂದಿನಿಂದ ಇಂದಿನವರೆಗೂ ಪ್ರತಿದೀಪ್ತ ಪ್ರತಿಕಾಯದ ಪರೀಕ್ಷೆಯು ರೇಬಿಸ್ ನಿರ್ಣಯದ ಒರೆಗಲ್ಲಾಗಿ ಉಳಿದು ಬಂದಿದೆ.

ಪರೀಕ್ಷೆ ನಡೆಯುವ ಕ್ರಮ

ಮಿದುಳಿನ ಕಾಂಡ ಮತ್ತು ಕಿರುಮಿದುಳು ಈ ಎರಡು ಭಾಗಗಳಿಂದ ತುಣುಕುಗಳನ್ನು ತೆಗೆದು, ಗಾಜಿನ ಫಲಕಕ್ಕೆ ಒತ್ತಿ, ತೆಳುವಾದ ಅಚ್ಚನ್ನು ಪಡೆಯುವರು. ಕಾಂಡವನ್ನೇ ಆರಿಸುವುದಕ್ಕೆ ಕಾರಣವುಂಟು: ನರಗಳ ಹಾದಿಯಲ್ಲಿ ಬಂದ ವೈರಸ್ ಮೊದಲು ಸೇರುವ ಪ್ರಮುಖ ಸ್ಥಳವದು. ಅದರ ಅಡ್ಡಸೀಳನ್ನು ಪೂರ್ತಿಯಾಗಿ ನೋಡಬೇಕು. ಸೋಂಕು ಒಂದೇ ಪಕ್ಕದಲ್ಲಿ ಇರುವುದೂ ಉಂಟು. ಅಚ್ಚು ಒಣಗಿದ ಮೇಲೆ ಅದನ್ನು ಸೊನ್ನೆಗಿಂತ ೨೦ ಡಿಗ್ರಿ ಕೆಳಗೆ ತಣಿಸಿದ ಅಸಿಟೋನಿನಲ್ಲಿ ಅದ್ದಿಡುವರು. ಇದರಿಂದ ಪ್ರೋಟೀನುಗಳು ಇದ್ದಲ್ಲಿಯೇ ನಿಲ್ಲುವುವು. ಕೋಶದ ಹೊರಪೊರೆಯ ಕೊಬ್ಬು ಕರಗಿ ಪ್ರತಿಕಾಯಕ್ಕೆ ಒಳದಾರಿ ದೊರೆಯುವುದು. ಬಳಿಕ ದೀಪ ಕಟ್ಟಿದ ಪ್ರತಿಕಾಯದ ದ್ರವವನ್ನು ಹಾಕಿ, ಮೈಬಿಸಿಯ ಶಾಖದಲ್ಲಿ ಅರ್ಧ ಗಂಟೆ ಇಟ್ಟು, ಲವಣದ್ರವದಿಂದ ಚೆನ್ನಾಗಿ ತೊಳೆಯುವರು. ರೋಗವಿದ್ದರೆ ಸೇಬಿನ ಹಸಿರು ಬಣ್ಣದ ಚುಕ್ಕೆಗಳು, ಧೂಳಿನ ಕಣದಷ್ಟು ಚಿಕ್ಕವೂ ನೆಗ್ರಿ ಕಾಯದಷ್ಟು ದೊಡ್ಡವೂ, ಆಕಾಶದಲ್ಲಿ ನಕ್ಷತ್ರಗಳು ಮೂಡಿದಂತೆ ಕಾಣುವುವು.

ಇಷ್ಟಾದರೆ ಪರೀಕ್ಷೆ ಮುಗಿಯಿತೆಂದು ತಿಳಿಯಬಾರದು. ಹಸಿರು ಕಂಡಿತೆಂಬುದು ಒಂದು ಮಾತು. ಆ ಹಸಿರು ಎನ್-ಪ್ರೋಟೀನಿನದೇ ಎಂಬುದು ಇನ್ನೊಂದು ಮಾತು. ಪ್ರತಿಕಾಯವು ಕೆಲವೊಮ್ಮೆ ತನ್ನದಲ್ಲದ ಜಾಗದಲ್ಲಿಯೂ ಸುಮ್ಮನೆ ಮೆತ್ತಿಕೊಳ್ಳಬಹುದು. ಮಿದುಳಿನಲ್ಲಿ ಬೆಳೆದ ಬ್ಯಾಕ್ಟೀರಿಯಗಳು ಮಿನುಗಬಹುದು. ಮುದಿ ನರಕೋಶಗಳಲ್ಲಿ ಶೇಖರವಾಗುವ ಒಂದು ಬಗೆಯ ವರ್ಣದ್ರವ್ಯ ತಾನೇ ಹೊಳೆಯುವ ಸ್ವಭಾವದ್ದು. ಆದರೆ ಅದರ ಹೊಳಪು ಹಳದಿಯ ಕಡೆಗಿರುತ್ತದೆ. ಇದಕ್ಕೆ ವಿರುದ್ಧವಾಗಿ, ಪ್ರತಿಕಾಯದ ದ್ರವ ಹಳಸಿದ್ದರೆ ರೋಗವಿದ್ದರೂ ಹಸಿರು ಕಾಣದೆ ಹೋಗಬಹುದು. ಹೀಗೆ ಇಲ್ಲದುದನ್ನು ಉಂಟೆನ್ನುವ, ಇರುವುದನ್ನು ಇಲ್ಲವೆನ್ನುವ ಎರಡು ಬಗೆಯ ತಪ್ಪುಗಳಿಗೂ ಅವಕಾಶವಿದೆ.

ಆದುದರಿಂದ ಪ್ರತಿ ಸಲವೂ ಪರೀಕ್ಷೆಯ ಫಲಕದ ಜೊತೆಗೆ ಬೇರೆ ಸಾಕ್ಷಿ ಫಲಕಗಳನ್ನು ಇಡುವುದು ನಿಯಮ. ಒಂದು, ರೇಬಿಸ್ ಇತ್ತೆಂದು ಖಚಿತವಾಗಿ ಗೊತ್ತಿರುವ ಮಿದುಳಿನದು. ಇದರಲ್ಲಿ ಹಸಿರು ಕಾಣಲೇಬೇಕು. ಎರಡನೆಯದು, ಇರಲಿಲ್ಲವೆಂದು ಖಚಿತವಾಗಿ ಗೊತ್ತಿರುವ ಮಿದುಳಿನದು, ಇದರಲ್ಲಿ ಕಾಣಲೇಬಾರದು. ಮೂರನೆಯದರಲ್ಲಿ, ಪರೀಕ್ಷಿಸಬೇಕಾದ ಮಿದುಳಿನ ಮೇಲೆಯೇ, ಅದೇ ದೀಪ ಕಟ್ಟಿದ ಆದರೆ ರೇಬಿಸಿಗೆ ಸಂಬಂಧವಿಲ್ಲದ ಬೇರೊಂದು ಪ್ರತಿಕಾಯವನ್ನು ಹಾಕುವರು. ಅಲ್ಲಿಯೂ ಹಸಿರು ಕಂಡರೆ ಅದು ಸುಮ್ಮನೆ ಮೆತ್ತಿಕೊಂಡದ್ದೆಂದು ತಿಳಿಯುತ್ತದೆ. ಈ ಮೂರೂ ತಮ್ಮ ತಮ್ಮ ಮಾತನ್ನು ಸರಿಯಾಗಿ ಹೇಳಿದ ಮೇಲೆಯೇ ನಾಲ್ಕನೆಯದಾದ ಪರೀಕ್ಷೆಯ ಫಲಕದ ಮಾತಿಗೆ ಬೆಲೆ. ಸಂತೆಯಲ್ಲಿ ತಕ್ಕಡಿಯನ್ನು ನಂಬುವ ಮೊದಲು ಬರಿಯ ತಟ್ಟೆಗಳು ಸಮನಾಗಿ ನಿಲ್ಲುವುವೇ ಎಂದು ನೋಡುವುದಿಲ್ಲವೆ? ವಿಜ್ಞಾನದ ವಿಶ್ವಾಸವೆಲ್ಲ ಇಂಥ ಮೂಕಸಾಕ್ಷಿಗಳ ಮೇಲೆ ನಿಂತಿದೆ.

ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಒಗ್ಗಿದ ವಿಧಾನ

ಪ್ರತಿದೀಪ್ತಿಯ ಸೂಕ್ಷ್ಮದರ್ಶಕ ಬೆಲೆಬಾಳುವ ಯಂತ್ರ. ಅದಕ್ಕೆ ಪ್ರಬಲವಾದ ದೀಪ ಬೇಕು, ಕತ್ತಲೆಯ ಕೋಣೆ ಬೇಕು, ನುರಿತ ಕಣ್ಣು ಬೇಕು. ಜಿಲ್ಲೆಯ ಮಟ್ಟದಲ್ಲಿ ಪರೀಕ್ಷೆ ನಡೆಯಬೇಕಾದರೆ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಒಗ್ಗುವ ಉಪಾಯ ಬೇಕು. ಅಂಥದೊಂದನ್ನು ಅಮೆರಿಕದ ಅಟ್ಲಾಂಟಾದ ರೋಗನಿಯಂತ್ರಣ ಕೇಂದ್ರದಲ್ಲಿ ರೂಪಿಸಿದರು. ಆಫ್ರಿಕದ ಟಾಂಜಾನಿಯಾದಲ್ಲಿ ಸಂಗ್ರಹಿಸಿದ ಮಿದುಳುಗಳ ಮೇಲೆ ಅದನ್ನು ಪ್ರಯೋಗಿಸಿ ನೋಡಿದ ವರದಿ ೨೦೦೬ರಲ್ಲಿ ಪ್ರಕಟವಾಯಿತು.

ಇದರಲ್ಲಿ ಪ್ರತಿಕಾಯಕ್ಕೆ ಕಟ್ಟುವುದು ದೀಪವನ್ನಲ್ಲ. ಬಯೋಟಿನ್ ಎಂಬ ವಿಟಮಿನ್ನನ್ನು. ಬಯೋಟಿನ್ನನ್ನು ಬಿಡದೆ ಹಿಡಿಯುವ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನಿಗೆ ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಕೂಡಿಸಿರುವರು. ಕೊನೆಗೆ ಬಣ್ಣವಿಲ್ಲದ ಒಂದು ರಾಸಾಯನಿಕವನ್ನು ಹಾಕಿದರೆ, ಕಿಣ್ವವು ಅದನ್ನು ಇಟ್ಟಿಗೆಗೆಂಪು ಬಣ್ಣಕ್ಕೆ ತಿರುಗಿಸುತ್ತದೆ. ಕಿಣ್ವದ ಒಂದು ಅಣುವು ಬಣ್ಣದ ಅನೇಕ ಅಣುಗಳನ್ನು ತಯಾರಿಸುವುದರಿಂದ ಸಣ್ಣ ಗುರುತೂ ದೊಡ್ಡದಾಗಿ ತೋರುತ್ತದೆ. ನೀಲಿ ಹಿನ್ನೆಲೆಯಲ್ಲಿ ಕೆಂಪು ಚುಕ್ಕೆಗಳು: ಹಗಲ ಬೆಳಕಿನಲ್ಲಿಯೇ, ಕಾಲೇಜಿನ ಪ್ರಯೋಗಶಾಲೆಗಳಲ್ಲಿರುವಂಥ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಸುಮಾರು ಒಂದು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಎಚ್ಚರಿಕೆ ಇಲ್ಲಿಯೂ ಬೇಕು. ಅಂಗಾಂಶದಲ್ಲಿ ಸಹಜವಾಗಿಯೇ ಪೆರಾಕ್ಸಿಡೇಸ್ ಇರುವುದರಿಂದ, ಮೊದಲು ಹೈಡ್ರೊಜನ್ ಪೆರಾಕ್ಸೈಡಿನಿಂದ ಅದನ್ನು ಅಡಗಿಸದಿದ್ದರೆ ರೋಗವಿಲ್ಲದ ಮಿದುಳೂ ಕೆಂಪಾದೀತು.

ನಮ್ಮ ನಾಡಿನಲ್ಲಿ ಈ ಕೆಲಸದ ಮುಖ್ಯ ನೆಲೆ ಬೆಂಗಳೂರು. ಅಲ್ಲಿಯ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ, ಎಂದರೆ ನಿಮ್ಹಾನ್ಸಿನ, ನರವೈರಸ್ ವಿಭಾಗವು ರೇಬಿಸ್ ಸಂಶೋಧನೆಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರವೆಂದು ಮನ್ನಣೆ ಪಡೆದುದು. ಆ ವಿಭಾಗದ ಡಾ. ಎಸ್. ಎನ್. ಮಧುಸೂದನ ಮತ್ತು ಸಂಗಡಿಗರು ಪ್ರಾಣಿಗಳ ಮತ್ತು ಮನುಷ್ಯರ ಮಿದುಳುಗಳ ಮೇಲೆ ಈ ಹೊಸ ವಿಧಾನವನ್ನು ಒರೆಹಚ್ಚಿ ೨೦೧೨ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿಯೂ ಪ್ರಾಣಿಗಳ ರೇಬಿಸ್ ನಿರ್ಣಯಕ್ಕಾಗಿಯೇ ಮೀಸಲಾದ ಪ್ರಯೋಗಾಲಯವಿದೆ.

ಐನೂರು ಕಿಲೋಮೀಟರಿನ ಹಾದಿ

ಗೋಕಾಕ, ಮೂಡಲಗಿ, ಹುಕ್ಕೇರಿಗಳಿಂದ ಬೆಂಗಳೂರು ಸುಮಾರು ೫೦೦ ಕಿಲೋಮೀಟರು. ನಾವು ಕಲ್ಪಿಸಿಕೊಂಡ ಎಮ್ಮೆಯ ಮಿದುಳು ಆ ಹಾದಿಯನ್ನು ಹೇಗೆ ಕ್ರಮಿಸಿತೆಂಬುದರ ಮೇಲೆ ಉತ್ತರದ ಬೆಲೆ ನಿಂತಿದೆ. ಪ್ರತಿಕಾಯವು ಹಿಡಿಯುವುದು ಪ್ರೋಟೀನಿನ ಆಕಾರವನ್ನು. ಬೇಸಗೆಯ ಬಿಸಿಲಿನಲ್ಲಿ ಕೊಳೆತ ಮಿದುಳಿನಲ್ಲಿ ಆ ಆಕಾರವೇ ಚೂರುಚೂರಾಗಿರುತ್ತದೆ. ಕೊಳೆತ ಮಿದುಳಿನಲ್ಲಿ ಹಸಿರು ಕಂಡರೆ ಅದನ್ನು ಒಪ್ಪಬಹುದು; ಕಾಣದಿದ್ದರೆ ‘ರೋಗವಿಲ್ಲ’ವೆಂದು ಹೇಳಲಾಗದು. ಅದಕ್ಕಾಗಿ ತುಣುಕುಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಬೇಗನೆ ಕಳುಹಿಸಬೇಕು. ತಡವಾಗುವಂತಿದ್ದರೆ ಗ್ಲಿಸರಿನ್ ಮತ್ತು ಲವಣದ್ರವವನ್ನು ಸಮಪಾಲಿನಲ್ಲಿ ಬೆರೆಸಿ ಅದರಲ್ಲಿಡುವುದು ರೂಢಿ. ಕಾಲೇಜುಗಳಲ್ಲಿ ಪ್ರಾಣಿಗಳನ್ನು ಕೆಡದಂತೆ ಇಡುವ ಫಾರ್ಮಲಿನ್ನಿನಲ್ಲಿ ಹಾಕಿ ಕಳುಹಿಸುವುದು ಸಲ್ಲದು. ಅದು ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು ಬಿಗಿಯುವುದರಿಂದ ನಾವು ವಿವರಿಸಿದ ಪ್ರತಿದೀಪ್ತಿಯ ಪರೀಕ್ಷೆಗೆ ಅಂಥ ಮಿದುಳು ಒದಗದು.

ಮಿದುಳನ್ನು ತೆಗೆಯುವ ಕೆಲಸ ಪಶುವೈದ್ಯರದು, ಮನೆಯವರದಲ್ಲ. ಕತ್ತಿಗೆ ಹಿಂಭಾಗದಿಂದ, ಬೆನ್ನುಹುರಿಯು ತಲೆಬುರುಡೆಯನ್ನು ಹೊಗುವ ರಂಧ್ರದ ಮೂಲಕವೇ ಬೇಕಾದ ಭಾಗವನ್ನು ತೆಗೆಯುವ ವಿಧಾನ ಅವರಿಗೆ ಗೊತ್ತು. ರೈತನು ಮಾಡಬೇಕಾದುದು ಇಷ್ಟೆ: ಸತ್ತ ಪ್ರಾಣಿಯನ್ನು ತರಾತುರಿಯಲ್ಲಿ ಹೂಳದೆ, ಬರಿಗೈಯಿಂದ ಮುಟ್ಟದೆ, ಹತ್ತಿರದ ಪಶು ಆಸ್ಪತ್ರೆಗೆ ಆ ದಿನವೇ ಸುದ್ದಿ ಮುಟ್ಟಿಸುವುದು.

ಉತ್ತರ ಬರುವ ಮುನ್ನ

ಇಲ್ಲಿ ಒಂದು ಅಪಾಯದ ಕಡೆಗೆ ವಾಚಕರ ಗಮನವನ್ನು ಸೆಳೆಯಬೇಕು. ಪರೀಕ್ಷೆ ಎಷ್ಟೇ ನಿಖರವಾಗಿರಲಿ, ಅದರ ಉತ್ತರಕ್ಕಾಗಿ ಚಿಕಿತ್ಸೆಯನ್ನು ತಡೆಯಬಾರದು. ಕಚ್ಚಿಸಿಕೊಂಡವನೂ, ಗಾಯಕ್ಕೆ ಜೊಲ್ಲು ತಗುಲಿಸಿಕೊಂಡವನೂ ತಕ್ಷಣವೇ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ವೈರಸ್ಸಿನ ಹೊರಪೊರೆ ಕೊಬ್ಬಿನದಾದುದರಿಂದ ಸಾಬೂನು ಅದನ್ನು ಕರಗಿಸಿಬಿಡುತ್ತದೆ. ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದನ್ನು ಆರಂಭಿಸಬೇಕು. ಮಿದುಳಿನಲ್ಲಿ ರೋಗವಿರಲಿಲ್ಲವೆಂದು ಪ್ರಯೋಗಾಲಯವು ಖಚಿತಪಡಿಸಿದರೆ ಮುಂದಿನ ಚುಚ್ಚುಮದ್ದನ್ನು ನಿಲ್ಲಿಸಬಹುದೇ ಎಂಬುದನ್ನು ವೈದ್ಯರು ನಿರ್ಧರಿಸುವರು.

ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದೆಂಬ ಹಳೆಯ ಭಯ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ಅದು ಕಸೌಲಿಯಲ್ಲಿ ಡೇವಿಡ್ ಸೆಂಪಲ್ ೧೯೧೧ರಲ್ಲಿ ರೂಪಿಸಿದ ಲಸಿಕೆ. ಕುರಿಯ ಮಿದುಳಿನಲ್ಲಿ ವೈರಸ್ಸನ್ನು ಬೆಳೆಸಿ, ಫೀನಾಲಿನಿಂದ ಕೊಂದು ಅದನ್ನು ತಯಾರಿಸುತ್ತಿದ್ದರು. ಅದರಲ್ಲಿ ಕುರಿಯ ನರಾಂಗಾಂಶದ ಪ್ರೋಟೀನುಗಳೂ ಬೆರೆತಿರುತ್ತಿದ್ದುವು. ನರಗಳ ಹೊದಿಕೆಯಲ್ಲಿರುವ ಮಯಲಿನ್ ಪ್ರೋ‌ಟೀನು ಕುರಿಗೂ ಮನುಷ್ಯನಿಗೂ ಹೆಚ್ಚುಕಡಿಮೆ ಒಂದೇ ತೆರನಾದುದರಿಂದ, ಶರೀರದ ರಕ್ಷಕಪಡೆ ಕೆಲವರಲ್ಲಿ ಸ್ವಂತ ನರಗಳ ಮೇಲೆಯೇ ತಿರುಗಿಬಿದ್ದು ಪಾರ್ಶ್ವವಾಯುವಿನಂಥ ತೊಂದರೆಗಳಾದುವು. ಮರದ ಹಣ್ಣಿಗೂ ನಿಜದ ಹಣ್ಣಿಗೂ ಭೇದ ತಿಳಿಯದೆ ಹೋದರೆ ಆಗುವ ಅನಾಹುತಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನ ಬೇಕಿಲ್ಲ. ೨೦೦೫ರ ಹೊತ್ತಿಗೆ ನಮ್ಮ ದೇಶದಲ್ಲಿ ಆ ಲಸಿಕೆ ನಿಂತುಹೋಯಿತು. ಈಗಿನವು ಕೋಶಕೃಷಿಯಲ್ಲಿ ಬೆಳೆಸಿದ ಶುದ್ಧ ಲಸಿಕೆಗಳು, ತೋಳಿಗೆ ಕೊಡುವಂಥವು. ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ ಮೊದಲ ದಿನವನ್ನು ಸೊನ್ನೆಯೆಂದು ಎಣಿಸಿ, ೩, ೭ ಮತ್ತು ೨೮ನೆಯ ದಿನಗಳಲ್ಲಿ ಮತ್ತೆ ಕೊಡುವರು.

ಈ ಲಸಿಕೆಯು ನಮ್ಮ ಶರೀರದಲ್ಲಿ ಮೂಡಿಸುವುದೂ ಪ್ರತಿಕಾಯಗಳನ್ನೇ. ಆದರೆ ಕಾಪಾಡುವ ಪ್ರತಿಕಾಯಗಳು ಹಿಡಿಯುವುದು ವೈರಸ್ಸಿನ ಹೊರಮೈಯ ಜಿ-ಪ್ರೋಟೀನನ್ನು. ಅದು ನರದೊಳಗೆ ನುಗ್ಗದಂತೆ ತಡೆಯುವುದಕ್ಕಾಗಿ. ಅವು ಮೂಡಲು ವಾರ ಹತ್ತು ದಿನ ಬೇಕಾಗುವುದರಿಂದ, ಗಾಯವು ಆಳವಾಗಿದ್ದರೆ ಸಿದ್ಧ ಪ್ರತಿಕಾಯಗಳನ್ನು ಗಾಯದ ಸುತ್ತಲೂ ತುಂಬುವರು. ಪ್ರಯೋಗಾಲಯದ ಪ್ರತಿಕಾಯವು ಹಿಡಿಯುವುದಾದರೋ ಒಳಗಿನ ಎನ್-ಪ್ರೋಟೀನನ್ನು. ಒಂದು ಬಾಗಿಲ ಕಾವಲುಗಾರ. ಇನ್ನೊಂದು ಘಟನೆಯ ಬಳಿಕ ಬರುವ ಪಂಚನಾಮೆಯ ಅಧಿಕಾರಿ.

ಸತ್ತ ಪ್ರಾಣಿಯ ಮಿದುಳನ್ನು ಪರೀಕ್ಷಿಸಿ ಆಗುವ ಲಾಭವೇನೆಂದು ಕೇಳುವವರು ಉಂಟು. ಎಮ್ಮೆಯನ್ನು ಅದು ಉಳಿಸಲಾರದು, ನಿಜ. ಆದರೆ ಅದರ ಬಾಯಿಗೆ ಕೈಹಾಕಿದವರಲ್ಲಿ ಯಾರೂ ಚುಚ್ಚುಮದ್ದನ್ನು ನಡುವೆ ಬಿಡದಂತೆ ಎಚ್ಚರಿಸುವುದು ಆ ಪರೀಕ್ಷೆಯ ಉತ್ತರವೇ. ಆ ಊರಿನ ನಾಯಿಗಳಿಗೆಲ್ಲ ಲಸಿಕೆ ಹಾಕಬೇಕೆಂಬ ಸೂಚನೆಯೂ ಅದರಿಂದಲೇ ದೊರೆಯುವುದು. ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಾದರೂ ಲಸಿಕೆ ಹಾಕಿದರೆ ರೋಗದ ಸರಪಳಿ ಕಡಿಯುವುದೆಂದು ತಜ್ಞರ ಅಭಿಪ್ರಾಯ. ನಾಯಿಗಳಿಂದ ಹರಡುವ ರೇಬಿಸನ್ನು ೨೦೩೦ರೊಳಗೆ ಇಲ್ಲವಾಗಿಸುವ ಯೋಜನೆಯನ್ನು ಭಾರತ ಸರಕಾರವು ೨೦೨೧ರಲ್ಲಿ ಪ್ರಕಟಿಸಿತು; ಮನುಷ್ಯರಲ್ಲಿ ಕಂಡ ರೇಬಿಸನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರಕಾರವು ೨೦೨೨ರಲ್ಲಿ ಆದೇಶಿಸಿತು. ವರದಿ ಮಾಡಬೇಕಾದರೆ ರೋಗವನ್ನು ನಿಶ್ಚಯವಾಗಿ ಗುರುತಿಸಬೇಕಷ್ಟೆ.

ಹತ್ತು ನ್ಯಾನೊಮೀಟರಿನ ಒಂದು ಪ್ರೋಟೀನು, ಅದಕ್ಕೆ ಕಟ್ಟಿದ ಒಂದು ಹಸಿರು ದೀಪ, ಅದರ ಮಾತನ್ನು ಪರೀಕ್ಷಿಸುವ ಮೂರು ಸಾಕ್ಷಿ ಫಲಕಗಳು: ರೋಗವನ್ನು ಗುರುತಿಸಲು ಪ್ರಯೋಗಾಲಯದಲ್ಲಿರುವ ಸಾಮಗ್ರಿ ಇಷ್ಟೆ. ಆದರೆ ಅದಕ್ಕೆ ಕೆಲಸ ಕೊಡಬೇಕಾದವರು ಹಳ್ಳಿಯವರು. ಸಕಾಲದಲ್ಲಿ ಸುದ್ದಿ ಕೊಟ್ಟ ರೈತನೂ, ಮಂಜುಗಡ್ಡೆಯ ಪೆಟ್ಟಿಗೆಯನ್ನು ಕಳುಹಿಸಿದ ಪಶುವೈದ್ಯರೂ, ಸಾಕ್ಷಿ ಫಲಕಗಳನ್ನು ನೋಡದೆ ಉತ್ತರ ಬರೆಯದ ಪರೀಕ್ಷಕರೂ ಕೂಡಿದಾಗಲೇ ಮಿದುಳಿನ ಆ ಮಿನುಗು ಒಂದು ಮನೆಯ ದೀಪವನ್ನು ಕಾಯಬಲ್ಲುದು.